ಅಮ್ಮ ಮೂರನೇ ಮಹಡಿಯಿಂದ ಕೆಳಗಿಳಿದು ಏಳು ತಿಂಗಳಾಯ್ತು. ಏನು ಮಾಡೋದು?

ಮೂರನೇ_ಮಹಡಿ
ಸ್ವಲ್ಪ ಉದ್ದ ಇದೆ, ಕ್ಷಮಿಸಿ.

ನಮ್ಮದು ವಿಜಯನಗರದಲ್ಲಿ ಹಳೇ ಕಟ್ಟಡ. ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಎಂಟು ಮನೆ, ಲಿಫ್ಟ್ ಇಲ್ಲ. ಅಪ್ಪ ಕೊಂಡುಕೊಂಡಾಗ ಮೇಲಿದ್ರೆ ಗಾಳಿ ಬೆಳಕು ಚೆನ್ನಾಗಿರುತ್ತೆ ಅಂತ ಮೂರನೇ ಮಹಡಿ ಆರಿಸಿದ್ರು. ಅಪ್ಪ ಈಗಿಲ್ಲ. ಅಮ್ಮನಿಗೆ 78. ಮನೆಯಿಂದ ಗೇಟಿಗೆ 54 ಮೆಟ್ಟಿಲು, ಎಣಿಸಿದ್ದೀನಿ.

ಯುಗಾದಿ ದಿನ ದೇವಸ್ಥಾನಕ್ಕೆ ಅಂತ ಇಳಿದು ಬಂದವರು ಇವತ್ತಿನ ತನಕ ಮತ್ತೆ ಇಳಿದಿಲ್ಲ. ಮಂಡಿನೋವು ಇದೆ, ಆದ್ರೆ ಮನೆ ಒಳಗೆ ಚೆನ್ನಾಗೇ ಓಡಾಡ್ತಾರೆ, ಅಡುಗೆ ಕೂಡ ಅವರದ್ದೇ. ಕೇಳಿದ್ರೆ 'ಕೆಳಗೆ ನಂಗೇನು ಕೆಲಸ ಇದೆ?' ಅಂತಾರೆ. ಸೊಪ್ಪಿನವನು ಬಂದ್ರೆ ಬಾಲ್ಕನಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಡ್ತಾರೆ. ಮೊದಲು ನೋಡೋಕೆ ತಮಾಷೆ ಅನ್ನಿಸ್ತಿತ್ತು. ಈಗ ಆ ಬುಟ್ಟಿ ದಿನಾ ಕೆಳಗೆ ಹೋಗಿ ಬರುತ್ತೆ, ಅಮ್ಮ ಮಾತ್ರ ಹೋಗಲ್ಲ ಅಂತ ನೋಡಿದಾಗ ಹೊಟ್ಟೆ ಕಿವುಚಿದ ಹಾಗಾಗುತ್ತೆ.

ಅಣ್ಣ ಪುಣೆಯಲ್ಲಿದ್ದಾನೆ. 'ಅಮ್ಮ ಆರಾಮಾಗಿದ್ದಾಳೆ, ಯಾಕೆ ಕೆದಕ್ತೀಯ?' ಅಂತಾನೆ. ಮನೆ ಮಾರಿ ನೆಲಮಹಡಿಗೆ ಹೋಗೋದಾ, ಮೆಟ್ಟಿಲು ಹತ್ತೋ ಕುರ್ಚಿ ಹಾಕ್ಸೋದಾ, ಸುಮ್ಮನಿರೋದಾ? ಅನುಭವ ಇದ್ದವರು ಹೇಳಿ.

ಬೆಂಗ್ಳೂರ್_ಬಿಸಿ
ನೆಲಮಹಡಿ ಬಾಡಿಗೆಗೆ ತಗೊಳ್ಳಿ, ಇದನ್ನ ಬಾಡಿಗೆಗೆ ಕೊಡಿ. ಕಥೆ ಮುಗೀತು.

ಹಳೇ_ರೇಡಿಯೋ
@ಬೆಂಗ್ಳೂರ್_ಬಿಸಿ ಅಷ್ಟು ಸುಲಭ ಅಲ್ಲ ಗುರು. ನಾವು ಅದನ್ನೇ ಮಾಡಿದ್ವಿ. ಮಲ್ಲೇಶ್ವರದ ಮಹಡಿ ಮನೆಯಿಂದ ಅಮ್ಮನ್ನ ಹೊಸ ಬಡಾವಣೆಯ ನೆಲಮಹಡಿಗೆ ಕರ್ಕೊಂಡು ಬಂದ್ವಿ. ಬಾಗಿಲು ತೆಗೆದ್ರೆ ರಸ್ತೆ, ಒಂದೇ ಒಂದು ಮೆಟ್ಟಿಲು. ಅಮ್ಮ ಎರಡು ವರ್ಷದಲ್ಲಿ ಎಷ್ಟು ಸಲ ಆಚೆ ಹೋದ್ರು ಗೊತ್ತಾ? ಬೆರಳಲ್ಲಿ ಎಣಿಸಬಹುದು. ಹಳೇ ಮನೇಲಿ ಕಷ್ಟಪಟ್ಟು ಇಳಿದ್ರೆ ಹೂವಿನವಳು, ರಾಯರ ಮಠ, ಮೂವತ್ತು ವರ್ಷದ ಪರಿಚಯದವರು ಇದ್ರು. ಇಲ್ಲಿ ಇಳಿದ್ರೆ ಸ್ಕೂಟರ್‌ಗಳು. ಅಷ್ಟೇ.

ಮಾರೋ ಮುಂಚೆ ನೂರು ಸಲ ಯೋಚನೆ ಮಾಡಿ.

ಬೆಂಗ್ಳೂರ್_ಬಿಸಿ
ಅದೇ ರಸ್ತೆಯಲ್ಲೇ ನೋಡಿ ಅಂತ ನಾನು ಹೇಳಿದ್ದು, ಹೊಸಕೋಟೆಗೆ ಹೋಗಿ ಅಂತಲ್ಲ 🙂

ಪೇಡಾನಗರಿ
ಅಲ್ರೀ, ಮೆಟ್ಟಿಲಾ ಲಿಫ್ಟಾ ಅಂತ ನೀವು ಜಗಳಾಡ್ರಿ. ನಮ್ಮ ಅಜ್ಜಾರಿಗೆ 86, ಎರಡು ಕಾಲೂ ನೋವು. ಖರೇ ಹೇಳ್ಬೇಕಂದ್ರ ಅವ್ರೂ ಹೊರಗ ಹೋಗಂಗಿಲ್ಲ. ಆದ್ರ ಹೊರಗಿನ ಮಂದೀನ ಒಳಗ ಬರ್ತಾರ. ಹಿಂದಿನ ಖೋಲಿಯೊಳಗಿಂದ ಅವರ ಮಂಚ ತಂದು ಪಡಸಾಲಿಯೊಳಗ ಬಾಗಿಲಿಗೆ ಎದುರಾಗಿ ಹಾಕೀವಿ. ಮುಂಜಾನೆ ಪೇಪರ್ ಓದಾಕ ನಾಲ್ಕು ಮಂದಿ, ಸಂಜೀಕ ಎಲಿ ಅಡಿಕಿ ಹಾಕ್ಕೊಳ್ಳಾಕ ಆರು ಮಂದಿ. ನಮ್ಮವ್ವಗ ಚಾ ಮಾಡಿ ಮಾಡಿ ಸಾಕಾಗೇತಿ, ಆ ಮಾತು ಬ್ಯಾರೆ.

ನಗುವಿನ_ಅಂಗಡಿ
ಅವ್ವನಿಗೊಂದು ಪ್ರಶಸ್ತಿ ಕೊಡಿ ಮೊದಲು.

ಕಾನೂನು_ಕಾಫಿ
ಲಿಫ್ಟ್ ಹಾಕಿಸೋ ಯೋಚನೆ ಇದ್ರೆ: ಎಂಟು ಮನೆಯವರೂ ಒಪ್ಪಬೇಕು, ಏಕೆಂದ್ರೆ ಜಾಗ ಎಲ್ಲರದ್ದು. ಹಳೇ ಕಟ್ಟಡಕ್ಕೆ ಹೊರಗೋಡೆಗೆ ಅಂಟಿಸಿ ಕಬ್ಬಿಣದ ಚೌಕಟ್ಟಿನಲ್ಲಿ ಲಿಫ್ಟ್ ಏರಿಸ್ತಾರೆ, ಆದ್ರೆ ಸುತ್ತ ಬಿಟ್ಟಿರೋ ಜಾಗ ಎಷ್ಟಿದೆ ಅನ್ನೋದ್ರ ಮೇಲೆ ಎಲ್ಲ ನಿಂತಿದೆ. ಪಾಲಿಕೆ ಅನುಮತಿ ಬೇರೆ. ಲಿಫ್ಟಿಗೆ ರಾಜ್ಯದಲ್ಲಿ 2012ರ ಕಾಯ್ದೆ ಇದೆ, ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ತಗೋಬೇಕು.

ಕಾನೂನಿಗಿಂತ ದೊಡ್ಡ ತಲೆನೋವು ನೆಲಮಹಡಿಯವರು. 'ನಮಗೆ ಲಿಫ್ಟ್ ಬೇಡ, ನಾವ್ಯಾಕೆ ದುಡ್ಡು ಕೊಡೋದು?' ಅಂತಾರೆ. ಅವರ ಕಡೆಯಿಂದ ನೋಡಿದ್ರೆ ಸರಿಯೇ.

ಮೂರನೇ_ಮಹಡಿ
ಅಯ್ಯೋ ನಮ್ಮ ಸಂಘದ ಸಭೆಯಲ್ಲಿ ಪದ ಪದ ಇದೇ ಮಾತು. ಒಬ್ರು 'ನಿಮ್ಮಮ್ಮನಿಗೋಸ್ಕರ ಎಂಟು ಮನೆ ಲಕ್ಷಗಟ್ಟಲೆ ಹಾಕ್ಬೇಕಾ?' ಅಂದ್ರು. ಹೇಳಿದವರಿಗೆ 69. ಎರಡನೇ ಮಹಡಿ!

ನಗುವಿನ_ಅಂಗಡಿ
ಇನ್ನು ಐದು ವರ್ಷ ತಡ್ಕೊಳ್ಳಿ. ಅವರೇ ಸಭೆ ಕರೀತಾರೆ.

ಫಿಸಿಯೋ_ಅಕ್ಕ
ನಾನು ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡ್ತೀನಿ, ಹನ್ನೊಂದು ವರ್ಷ ಆಯ್ತು. ಇಂಥ ಮನೆಗಳು ವಾರಕ್ಕೆ ನಾಲ್ಕೈದು ಸಿಗುತ್ತವೆ. ಲಿಫ್ಟ್ ಪಕ್ಕಕ್ಕಿಡಿ, ಮೊದಲು ಇದನ್ನ ನೋಡಿ.

ಅಮ್ಮ ಕೈ ಊರದೆ ಕುರ್ಚಿಯಿಂದ ಏಳ್ತಾರಾ? ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರೋಕೆ ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ನೋಡಿ. 12 ಸೆಕೆಂಡ್ ದಾಟಿದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಮನೆಯೊಳಗೆ ಓಡಾಡ್ತಾರೆ ಅಂತ ನೆಮ್ಮದಿಯಾಗಿರಬೇಡಿ. ಸಮನೆಲದಲ್ಲಿ ನಡೆಯೋದಕ್ಕೂ ಮೆಟ್ಟಿಲಿಗೂ ತೊಡೆಯ ಶಕ್ತಿ ಬೇರೆ ಬೇರೆ ಬೇಕು. ಏಳು ತಿಂಗಳು ಮೆಟ್ಟಿಲು ತುಳಿಯದಿದ್ರೆ ಆ ಶಕ್ತಿ ಹೋಗಿರುತ್ತೆ. ಹೋದದ್ದು ಈ ವಯಸ್ಸಲ್ಲೂ ವಾಪಸ್ ಬರುತ್ತೆ, ನಿಧಾನವಾಗಿ.

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿಯೋದಾದ್ರೆ ನೋವಿಲ್ಲದ ಕಡೆಯ ಕೈಯಲ್ಲಿ. ಜೊತೆಗೆ ಬರೋರು ಯಾವಾಗ್ಲೂ ಕೆಳಗಿನ ಮೆಟ್ಟಿಲಲ್ಲಿರಬೇಕು. ಮೇಲಿನಿಂದ ರಟ್ಟೆ ಹಿಡಿದು ಎಳೆಯೋ ಮಕ್ಕಳನ್ನ ನೋಡಿದ್ರೆ ನನಗೆ ಎದೆ ಧಸಕ್ ಅನ್ನುತ್ತೆ. ಮೆಟ್ಟಿಲಿಗೆ ಎರಡೂ ಕಡೆ ಕಂಬಿ ಇದೆಯಾ? ಹಳೇ ಕಟ್ಟಡಗಳಲ್ಲಿ ಒಂದೇ ಕಡೆ ಇರುತ್ತೆ. ಹೋಗುವಾಗ ಬಲಗೈ ಹಿಡಿದಿದ್ದು ಬರುವಾಗ ಎಡಗೈಗೆ ಬರುತ್ತೆ, ಆ ಕೈಗೆ ಬಲ ಇಲ್ಲದಿದ್ರೆ ಮುಗೀತು.

ಎದ್ದು ನಿಂತಾಗ ತಲೆ ಸುತ್ತುತ್ತಾ, ಕಣ್ಣಿನ ಪೊರೆ ಇದೆಯಾ, ಅದನ್ನೂ ನೋಡಿಸಿ. ಮೆಟ್ಟಿಲ ಅಂಚು ಕಾಣದೆ ಹೆದರೋರು ಬಹಳ ಜನ. ಯುಗಾದಿ ದಿನ ಏನಾಯ್ತು? 'ಅವತ್ತಿಂದ' ಅಂತ ಒಂದು ದಿನ ಇದ್ರೆ ಅವತ್ತು ಏನೋ ಆಗಿರುತ್ತೆ.

ಮೂರನೇ_ಮಹಡಿ
ಏನೂ ಆಗಿಲ್ಲ ಮೇಡಂ. ಹೋದ್ರು, ಬಂದ್ರು. ನಾನೇ ಜೊತೆಗಿದ್ದೆ.

ನವೆಂಬರ್_ಪಿಂಚಣಿ
ಬೇರೆ ವಿಷಯ, ಆದ್ರೆ ಇದೇ ತಿಂಗಳಲ್ಲವಾ. ಅಮ್ಮನಿಗೆ ಕುಟುಂಬ ಪಿಂಚಣಿ ಬರ್ತಿದ್ರೆ ಬದುಕಿದ್ದಾರೆ ಅಂತ ತೋರಿಸೋ ಜೀವನ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೇಗೆ ಕರ್ಕೊಂಡು ಹೋಗ್ತೀರಿ? ಹೋದ ವರ್ಷ ನಾವು ಮಾವನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎರಡು ಮಹಡಿ ಹೊತ್ತು ಇಳಿಸಿದ್ವಿ. ಬ್ಯಾಂಕಲ್ಲಿ 'ಸರ್ವರ್ ಡೌನ್, ನಾಳೆ ಬನ್ನಿ' ಅಂದ್ರು.

ಅಂಚೆ_ಚೀಲ
ಯಾಕೆ ಸ್ವಾಮಿ ಹೊತ್ತಿದ್ದು? ಆ ಪ್ರಮಾಣಪತ್ರವನ್ನ ಆನ್‌ಲೈನಲ್ಲೇ ಕೊಡೋ ಜೀವನ್ ಪ್ರಮಾಣ್ ವ್ಯವಸ್ಥೆ ಬಂದಿದ್ದು 2014ರಲ್ಲಿ. 2021ರಿಂದ ಬೆರಳಚ್ಚೂ ಬೇಡ, ಮೊಬೈಲಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಿದ್ರೆ ಸಾಕು. ಮನೆಯ ಸೋಫಾದಲ್ಲೇ ಆಗುತ್ತೆ. ಮೊಬೈಲ್ ಗೊತ್ತಾಗದಿದ್ರೆ ಅಂಚೆ ಪಾವತಿ ಬ್ಯಾಂಕಿಂದ ಪೋಸ್ಟ್‌ಮ್ಯಾನ್ ಮನೆಗೇ ಬರ್ತಾರೆ, ಶುಲ್ಕ 70 ರೂಪಾಯಿ. ಕೇಂದ್ರ ಸರ್ಕಾರದ ಪಿಂಚಣಿದಾರರು 80 ದಾಟಿದ್ರೆ ನವೆಂಬರ್‌ಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು.

ನವೆಂಬರ್_ಪಿಂಚಣಿ
ಕಣ್ಣು ಮಿಟುಕಿಸೋ ಕಥೆ ಕೇಳಬೇಡಿ. ಮಾವನಿಗೆ ಪೊರೆ ತೆಗೆಸಿದ ಹೊಸದು. 'ಮಿಟುಕಿಸಿ' ಅಂದ್ರೆ ಗಟ್ಟಿಯಾಗಿ ಮುಚ್ಚಿಕೊಂಡು ಕೂತುಬಿಟ್ರು. ಆಪ್ ನಂಬಲಿಲ್ಲ.

ಕಾನೂನು_ಕಾಫಿ
70 ದಾಟಿದವರಿಗೆ ಬ್ಯಾಂಕ್ ಸೇವೆ ಮನೆ ಬಾಗಿಲಲ್ಲೇ ಕೊಡಿ ಅಂತ ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಎಲ್ಲ ಬ್ಯಾಂಕಿಗೂ ಹೇಳಿದೆ. ಶಾಖೆಯಲ್ಲಿ ಕೇಳಿದ್ರೆ 'ಹಾಗೇನಿಲ್ವಲ್ಲ' ಅಂದ್ರೆ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಇದ್ದಕ್ಕಿದ್ದಂತೆ ನೆನಪಾಗುತ್ತೆ ಅವರಿಗೆ.

ಮಳೆನಾಡವಳು
ನೀವೆಲ್ಲ ಮೆಟ್ಟಿಲಿನ ಮಾತಾಡ್ತಿದ್ದೀರಿ. ನಮ್ಮನೆ ತೀರ್ಥಹಳ್ಳಿ ಕಡೆ. ಮನೆಗೆ ಜಗಲಿ ಮೆಟ್ಟಿಲು ನಾಲ್ಕೇ ನಾಲ್ಕು. ಆದ್ರೆ ಮನೆಯಿಂದ ಡಾಂಬರು ರಸ್ತೆಗೆ ಒಂದೂಕಾಲು ಕಿಲೋಮೀಟರ್, ತೋಟ ದಾಟಿ, ಸಂಕ ದಾಟಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಜೀಪೂ ಬರಲ್ಲ. ದೊಡ್ಡಮ್ಮನಿಗೆ ಜ್ವರ ಬಂದಾಗ ಕುರ್ಚಿಗೆ ಗಳ ಕಟ್ಟಿ ನಾಲ್ಕು ಜನ ಹೊತ್ತಿದ್ದು. ಆ ನಾಲ್ಕು ಜನ ಹೊಂದಿಸೋದೇ ಈಗ ದೊಡ್ಡ ಕೆಲಸ ಮಾರಾಯ್ರೆ, ಊರಲ್ಲಿ ಇರೋರೆಲ್ಲ ಹೊರೋರಲ್ಲ, ಹೊರಿಸಿಕೊಳ್ಳೋ ವಯಸ್ಸಿನವರೇ.

ಮತ್ತೊಂದು. ಮೊದಲು ಸಂಧ್ಯಾ ಸುರಕ್ಷಾ ದುಡ್ಡು ಪೋಸ್ಟ್‌ಮ್ಯಾನ್ ಮನೆಗೇ ತಂದು ಕೊಡ್ತಿದ್ರು. ಈಗ 1200 ರೂಪಾಯಿ ನೇರ ಖಾತೆಗೆ ಬೀಳುತ್ತೆ. ಒಳ್ಳೇದೇ, ನಡುವೆ ತಿನ್ನೋರಿಲ್ಲ. ಆದ್ರೆ ಪಕ್ಕದ ಮನೆಯ ಅಜ್ಜಿಗೆ ತಿಂಗಳಿಗೊಬ್ಬ ಮನುಷ್ಯ ಬಂದು ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, ಪೇಟೆ ಸುದ್ದಿ ಹೇಳಿ ಹೋಗ್ತಿದ್ದದ್ದು ನಿಂತೇ ಹೋಯ್ತು. ಆ ಅಜ್ಜಿ ದುಡ್ಡಿನ ಬಗ್ಗೆ ಕೇಳಲ್ಲ, ಪೋಸ್ಟಿನವನು ಯಾಕೆ ಬರಲ್ಲ ಅಂತ ಕೇಳುತ್ತೆ.

ಅಂಚೆ_ಚೀಲ
ಆಧಾರ್ ಜೋಡಿಸಿದ ಖಾತೆಯಾದ್ರೆ ಯಾವ ಬ್ಯಾಂಕಿನದ್ದೇ ಆಗಲಿ, ಪೋಸ್ಟ್‌ಮ್ಯಾನ್ ಮನೇಲೇ ಹೆಬ್ಬೆಟ್ಟು ಒತ್ತಿಸಿ ದುಡ್ಡು ತೆಗೆದು ಕೊಡಬಹುದು. ಅಂಚೆ ಕಚೇರಿಗೆ ಹೇಳಿ ನೋಡಿ.

ಮಳೆನಾಡವಳು
ಅಡಿಕೆ ಸುಲಿದು ಸುಲಿದು ಹೆಬ್ಬೆಟ್ಟಲ್ಲಿ ಗೆರೆಯೇ ಇಲ್ಲ. ನೆಟ್‌ವರ್ಕ್ ಇರೋದು ಗುಡ್ಡದ ಮೇಲೆ. ಆದ್ರೂ ಹೇಳಿ ನೋಡ್ತೀನಿ, ಥ್ಯಾಂಕ್ಸ್.

ಜರ್ಸಿ_ಜೋಳದರೊಟ್ಟಿ
ಇಲ್ಲಿ ಅಮೆರಿಕದಲ್ಲಿ ಇದಕ್ಕೆ ಸರ್ಕಾರಿ ವ್ಯಾಖ್ಯೆಯೇ ಇದೆ. ಮನೆ ಬಿಟ್ಟು ಹೊರಡೋಕೆ ಇನ್ನೊಬ್ಬರ ಇಲ್ಲವೇ ಊರುಗೋಲಿನ ಆಸರೆ ಬೇಕು, ಹೊರಟ್ರೂ ತುಂಬಾ ತ್ರಾಸ ಆಗುತ್ತೆ ಅಂತ ವೈದ್ಯರು ಬರೆದುಕೊಟ್ರೆ ಮೆಡಿಕೇರ್ ಅನ್ನೋ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಿಂದ ನರ್ಸು, ಫಿಸಿಯೋ ಮನೆಗೇ ಬರ್ತಾರೆ. ಅಪರೂಪಕ್ಕೆ ಪ್ರಾರ್ಥನೆಗೆ ಚರ್ಚಿಗೋ ದೇವಸ್ಥಾನಕ್ಕೋ ಹೋಗಿ ಬಂದ್ರೂ ಆ ಸೌಲಭ್ಯ ಕಿತ್ಕೊಳ್ಳಲ್ಲ. ಊಟ ಮನೆಗೆ ತಲುಪಿಸೋ ಸ್ವಯಂಸೇವಕರೂ ಇದ್ದಾರೆ. ನಮ್ಮಲ್ಲಿ ಯಾಕೆ ಆಗಲ್ಲ?

ಬೆಂಗ್ಳೂರ್_ಬಿಸಿ
ಬಂತಪ್ಪ ಅಮೆರಿಕ ಪುರಾಣ. ಅಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರಲ್ಲ.

ಜರ್ಸಿ_ಜೋಳದರೊಟ್ಟಿ
ನಮ್ಮಮ್ಮ ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ ಸರ್. ಅವರ ಪಕ್ಕದ ಮನೆಯವರ ಹೆಸರೂ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಹಾಲ್‌ನಲ್ಲಿ ಕ್ಯಾಮೆರಾ ಇದೆ. ಇಲ್ಲಿ ರಾತ್ರಿ ಊಟ ಮಾಡ್ತಾ ಅಲ್ಲಿ ಅಮ್ಮ ಎದ್ದು ಕಾಫಿ ಮಾಡೋದನ್ನ ನೋಡ್ತೀನಿ. ಒಂದಿನ ಕ್ಯಾಮೆರಾ ಮೇಲೆ ಟವೆಲ್ ಬಿದ್ದಿತ್ತು. ಗಾಬರಿಯಾಗಿ ಫೋನ್ ಮಾಡಿದ್ರೆ 'ನಾನೇ ಹಾಕಿದ್ದು, ಸೀರೆ ಬದಲಾಯಿಸ್ತಿದ್ದೆ' ಅಂದ್ರು.

ಬೆಂಗ್ಳೂರ್_ಬಿಸಿ
ಸಾರಿ ಬ್ರದರ್. ಮಾತು ವಾಪಸ್.

ಮೈಸೂರ್_ಮಲ್ಲಿಗೆಹಂಬು
ಓಟಿನ ಕಥೆ ಹೇಳ್ಲಾ? 2023ರ ಮೇ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕೋಕೆ ಅವಕಾಶ ಕೊಟ್ರು. ನಮ್ಮಜ್ಜಿಗೆ 82. 12ಡಿ ಅರ್ಜಿ ತುಂಬಿ ಕೊಟ್ವಿ. ಅಧಿಕಾರಿಗಳು, ಪೊಲೀಸು, ವಿಡಿಯೋ ತೆಗೆಯೋರು ಎಲ್ಲ ಮನೆಗೆ ಬಂದ್ರು. ಅಜ್ಜಿ ರೇಷ್ಮೆ ಸೀರೆ ಉಟ್ಕೊಂಡು ಎಲ್ಲರಿಗೂ ಪಾನಕ ಮಾಡಿಸಿಟ್ಟಿದ್ರು. ಯಾರೂ ಮುಟ್ಟಲಿಲ್ಲ, ನಿಯಮವಂತೆ.

2024ರಲ್ಲಿ ಲೋಕಸಭೆಗೂ ಅದೇ ಅಂತ ಕಾಯ್ತಾ ಕೂತ್ರೆ, ವಯಸ್ಸನ್ನ 85ಕ್ಕೆ ಏರಿಸಿದ್ರು! ಅಜ್ಜಿಗೆ 83. 'ಹೋದ ವರ್ಷ ಮುದುಕಿಯಾಗಿದ್ದೆ, ಈ ವರ್ಷ ಹುಡುಗಿ ಆದ್ನಾ?' ಅಂತ ಕೇಳಿದ್ರು. ಆ ಸಲ ಓಟು ಹಾಕಲೇ ಇಲ್ಲ.

ಕಾನೂನು_ಕಾಫಿ
40% ಅಂಗವೈಕಲ್ಯದ ಪ್ರಮಾಣಪತ್ರ ಇದ್ರೆ ವಯಸ್ಸಿನ ಲೆಕ್ಕ ಇಲ್ಲದೆ 12ಡಿ ಕೊಡಬಹುದಿತ್ತು.

ಮೈಸೂರ್_ಮಲ್ಲಿಗೆಹಂಬು
ಆ ಪ್ರಮಾಣಪತ್ರಕ್ಕೆ ಆಸ್ಪತ್ರೆಗೆ ಹೋಗಬೇಕು. ಹೋಗೋಕಾಗಿದ್ರೆ ಮತಗಟ್ಟೆಗೇ ಹೋಗ್ತಿದ್ರಲ್ವಾ, ಅದು ಹತ್ತಿರ 😄

ಚುರುಮುರಿ
ಬುಟ್ಟಿ ವಿಷಯಕ್ಕೆ ಬರೋಣ. ನಮ್ಮತ್ತೆಗೂ ಬುಟ್ಟಿ ವ್ಯವಸ್ಥೆ ಇದೆ. ಡೆಲಿವರಿ ಹುಡುಗ ಕೆಳಗೆ ನಿಂತು 'ಓಟಿಪಿ ಹೇಳಿ ಅಮ್ಮಾ' ಅಂದ್ರೆ ಅತ್ತೆ ಬಾಲ್ಕನಿಯಿಂದ ನಾಲ್ಕು ಅಂಕೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾರೆ. ಎದುರು ಮನೆ ಮಗು ಅದನ್ನೇ ಪದ್ಯ ಮಾಡ್ಕೊಂಡು ಹಾಡುತ್ತೆ.

ನಗುವಿನ_ಅಂಗಡಿ
ಬ್ಯಾಂಕ್ ಓಟಿಪಿ ಕೂಗದಿದ್ರೆ ಸರಿ.

ಶಕ್ತಿ_ಟಿಕೆಟ್
2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ. ನಮ್ಮಮ್ಮ ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿ ಪರ್ಸಲ್ಲಿಟ್ಟಿದ್ದಾರೆ, ಧರ್ಮಸ್ಥಳಕ್ಕೆ ಹೋಗೋಕೆ. ಬಸ್ಸಿನ ಮೊದಲ ಮೆಟ್ಟಿಲಿಗೆ ಅವರ ಕಾಲು ಏರಲ್ಲ. ಕಾರ್ಡ್ ಮಾತ್ರ ಹಾಗೇ ಹೊಸದಾಗಿದೆ.

ಮೇಷ್ಟ್ರು_83
ನಾನು ನಿವೃತ್ತ ಶಿಕ್ಷಕ. ಮೊಮ್ಮಗಳು ಮಾತಾಡಿದ್ರೆ ತಾನೇ ಟೈಪ್ ಆಗುವ ವ್ಯವಸ್ಥೆ ಮಾಡಿಕೊಟ್ಟಿದ್ದಾಳೆ. ತಪ್ಪಿದ್ದರೆ ಯಂತ್ರದ್ದು.

ಇಷ್ಟು ಹೊತ್ತು ಓದಿದೆ. ಎಲ್ಲರೂ ನಮ್ಮ ಬಗ್ಗೆ ಬಹಳ ಮಾತಾಡಿದ್ದೀರಿ, ಸಂತೋಷ. ನಾನೂ ಹೊರಗೆ ಹೋಗದವನೇ. ನಮ್ಮ ಮನೆಗೆ ಮೆಟ್ಟಿಲು ಮೂರು. ಕಾಲು ಗಟ್ಟಿಯಾಗಿದೆ. ಹಾಗಾದರೆ ಯಾಕೆ ಹೋಗುವುದಿಲ್ಲ? ಮಗ ಕೇಳಿದರೆ 'ಬಿಸಿಲು' ಎನ್ನುತ್ತೇನೆ, ಮಳೆಗಾಲದಲ್ಲಿ 'ಕೆಸರು' ಎನ್ನುತ್ತೇನೆ. ನಿಮಗೆ ಹೆಸರು ಗೊತ್ತಿಲ್ಲವಾದ್ದರಿಂದ ನಿಜ ಹೇಳಬಹುದು. ನನಗೆ ಮುಕ್ಕಾಲು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕು, ಬಂತೆಂದರೆ ತಡೆಯಲಾಗುವುದಿಲ್ಲ. ಒಮ್ಮೆ ಮಾರುಕಟ್ಟೆಯಲ್ಲಿ ಪಂಚೆ ಒದ್ದೆಯಾಯಿತು. ಎದುರಿಗೆ ನನ್ನ ಹಳೆಯ ಶಿಷ್ಯ ನಿಂತಿದ್ದ. ಅವನು ನೋಡದವನಂತೆ ಪಕ್ಕಕ್ಕೆ ತಿರುಗಿಕೊಂಡ. ಒಳ್ಳೆಯ ಹುಡುಗ. ಅವನು ತಿರುಗಿಕೊಂಡದ್ದೇ ನನಗೆ ಇನ್ನೂ ಕಾಣುತ್ತದೆ.

ಈಗ ಬ್ಯಾಂಕಿಗೆ ಹೋಗಲೇಬೇಕಾದ ದಿನ ಹಿಂದಿನ ರಾತ್ರಿಯಿಂದ ನೀರು ಬಿಡುತ್ತೇನೆ.

ವಿಜಯನಗರದ ಮಗುವೇ, ಲಿಫ್ಟಿನ ವಿಚಾರ ನಂತರ. ಅಮ್ಮನನ್ನು ಸರಿಯಾಗಿ ಕೇಳಿ. ನೀವಲ್ಲ, ನಿಮ್ಮ ಹೆಂಡತಿ ಕೇಳಲಿ.

ಹಳೇ_ರೇಡಿಯೋ
🙏 ಮೇಷ್ಟ್ರೇ.

ಫಿಸಿಯೋ_ಅಕ್ಕ
ಮೇಷ್ಟ್ರೇ, ನಿಮ್ಮ ಮಾತು ಓದಿ ನಾನು ಮೊದಲೇ ಕೇಳಬೇಕಿತ್ತು ಅನ್ನಿಸಿತು. ಆದ್ರೆ ದಯವಿಟ್ಟು ನೀರು ಬಿಡಬೇಡಿ. ನೀರು ಕಮ್ಮಿಯಾದ್ರೆ ತಲೆ ಸುತ್ತುತ್ತೆ, ಮಲಬದ್ಧತೆ ಆಗುತ್ತೆ, ಮೂತ್ರ ಗಟ್ಟಿಯಾಗಿ ಚೀಲವನ್ನೇ ಕೆರಳಿಸಿ ಇನ್ನೂ ಅವಸರ ಜಾಸ್ತಿ ಮಾಡುತ್ತೆ. ಗಂಡಸರಿಗೆ ಈ ವಯಸ್ಸಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿರೋದು ಸಾಮಾನ್ಯ, ಔಷಧಿ ಇದೆ. ಬಿಪಿಗೆ ನೀರು ಹೋಗೋ ಮಾತ್ರೆ ತಗೊಳ್ತಿದ್ರೆ ಯಾವ ಹೊತ್ತಿಗೆ ತಗೊಂಡ್ರೆ ಅನುಕೂಲ ಅಂತ ವೈದ್ಯರನ್ನ ಕೇಳಿ. ನೀವೇ ನಿಲ್ಲಿಸಬೇಡಿ. ಇದು 'ವಯಸ್ಸಾಯ್ತು, ಅಷ್ಟೇ' ಅಂತ ಬಿಡೋ ವಿಷಯ ಅಲ್ಲ.

ಮೇಷ್ಟ್ರು_83
ಬೆಳಿಗ್ಗೆ ಎಂಟಕ್ಕೆ ಮಾತ್ರೆ, ಹತ್ತಕ್ಕೆ ಬ್ಯಾಂಕು. ಈಗ ಅರ್ಥವಾಯಿತು. ನಲವತ್ತು ವರ್ಷ ಲೆಕ್ಕ ಪಾಠ ಮಾಡಿದವನಿಗೆ ಈ ಲೆಕ್ಕ ಹೊಳೆಯಲಿಲ್ಲ.

ಮೂರನೇ_ಮಹಡಿ
ನಾಲ್ಕು ದಿನ ಬರಲಿಲ್ಲ, ಕ್ಷಮಿಸಿ.

ಮೇಷ್ಟ್ರು ಹೇಳಿದ ಹಾಗೆ ಹೆಂಡತಿ ಕೇಳಿದಳು. ಮೊದಲ ದಿನ ಏನೂ ಇಲ್ಲ. ಮಾರನೇ ದಿನ ಇವಳು ತನ್ನದೇ ಕಥೆ ಹೇಳಿದಳಂತೆ, ಎರಡನೇ ಹೆರಿಗೆ ಆದ ಮೇಲೆ ಸೀನಿದ್ರೆ ಆಗ್ತಿತ್ತು ಅಂತ. (ನನಗೂ ಆಗಲೇ ಗೊತ್ತಾಗಿದ್ದು, ಮದುವೆಯಾಗಿ 17 ವರ್ಷಕ್ಕೆ.) ಆಮೇಲೆ ಅಮ್ಮ ಬಾಯಿಬಿಟ್ರು.

ಯುಗಾದಿ ದಿನ ವಾಪಸ್ ಹತ್ತುವಾಗ ಎರಡನೇ ಮಹಡಿಯ ತಿರುವಲ್ಲಿ ತಡೆಯೋಕಾಗಲಿಲ್ಲ. ಅಲ್ಲಿ ರಂಗೋಲಿ ಹಾಕಿದ್ರು. ನಾನು ಮುಂದೆ ಬಾಗಿಲು ತೆಗೆಯೋಕೆ ಓಡಿದ್ದೆ, ಫೋನಲ್ಲಿ ಮಾತಾಡ್ತಾ. ಅಮ್ಮ ಸೆರಗಲ್ಲೇ ಒರೆಸಿ ಮೇಲೆ ಬಂದ್ರಂತೆ. 'ಹೊಸ ಸೀರೆ ಯಾಕೆ ಅಷ್ಟು ಬೇಗ ನೆನೆಸಿಟ್ರಿ' ಅಂತ ನಾನೇ ಕೇಳಿದ್ದು ನೆನಪಿದೆ. ಎರಡನೇ ಮಹಡಿಯವರು ನೋಡಿದ್ರು ಅಂತ ಅಮ್ಮನಿಗೆ ಅನುಮಾನ. ಹಾಗಾಗಿ ಆ ಬಾಗಿಲು ದಾಟೋದೇ ಬೇಡ ಅಂತ.

'ಏನೂ ಆಗಿಲ್ಲ, ನಾನೇ ಜೊತೆಗಿದ್ದೆ' ಅಂತ ಮೇಲೆ ಬರೆದಿದ್ದೀನಲ್ಲ. ಅಳಿಸೋಣ ಅನ್ಕೊಂಡೆ. ಇರಲಿ ಬಿಡಿ.

ಪೇಡಾನಗರಿ
ಅಣ್ಣಾರ, ಓದಿ ಮಾತ ಹೊಂಡವಲ್ಲವು.

ಫಿಸಿಯೋ_ಅಕ್ಕ
ಸ್ತ್ರೀರೋಗ ತಜ್ಞರ ಹತ್ರ ತೋರಿಸಿ. ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಇದೆ, ಕೂತಲ್ಲೇ ಮಾಡೋದು, ಎರಡು ಮೂರು ತಿಂಗಳು ಬಿಡದೆ ಮಾಡ್ಬೇಕು. ಅಲ್ಲಿ ತನಕ ಪ್ಯಾಡ್ ಇದೆ. 'ಡಯಪರ್' ಅನ್ನೋ ಪದ ಮಾತ್ರ ಅಮ್ಮನ ಮುಂದೆ ಬಳಸಬೇಡಿ. ಹೊರಡೋ ಮುಂಚೆ ಒಮ್ಮೆ ಬಚ್ಚಲಿಗೆ, ಇಳಿಯೋಕೆ ನಿಧಾನ. ಮೊದಲ ದಿನವೇ 54 ಮೆಟ್ಟಿಲು ಬೇಡ.

ಬೆಂಗ್ಳೂರ್_ಬಿಸಿ
ಎರಡನೇ ಮಹಡಿಯವರು ಅಂದ್ರೆ ಸಭೆಯಲ್ಲಿ ಮಾತಾಡಿದ ಆ 69ರವರಾ??

ಮೂರನೇ_ಮಹಡಿ
ಅವರೇ. ಅವರ ಹೆಂಡತಿ ಮಾತ್ರ ಬೇರೆ ಥರದವರು.

ಜರ್ಸಿ_ಜೋಳದರೊಟ್ಟಿ
ಇವತ್ತು ಅಮ್ಮನಿಗೆ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಲಿಲ್ಲ. ಬೇರೆ ಏನೋ ಕೇಳೋಕೆ ಹೊರಟೆ, ಬಾಯಿ ಬರಲಿಲ್ಲ. ತಂಗಿಗೆ ಹೇಳಿದ್ದೀನಿ.

ಮೂರನೇ_ಮಹಡಿ
ಮೂರು ವಾರದ ನಂತರ ಬರೀತಿದ್ದೀನಿ. ಗೋಡೆ ಕಡೆಗೂ ಕಂಬಿ ಹಾಕಿಸಿದೆ, ನನ್ನ ದುಡ್ಡಲ್ಲೇ. ಇದಕ್ಕೆ ಸಂಘದಲ್ಲಿ ಯಾರೂ ತಕರಾರು ಮಾಡಲಿಲ್ಲ, ನೆಲಮಹಡಿಯವರು ಕೂಡ ಹಿಡ್ಕೊಂಡು ನೋಡಿದ್ರು. ಹೆಂಡತಿ ಎರಡನೇ ಮಹಡಿ ಆಂಟಿ ಹತ್ರ ಮಾತಾಡಿದ್ಲು. ಅವರು ಅವತ್ತು ಊರಲ್ಲೇ ಇರಲಿಲ್ಲವಂತೆ, ಹಬ್ಬಕ್ಕೆ ಮಗಳ ಮನೆಗೆ ಹೋಗಿದ್ರಂತೆ. ರಂಗೋಲಿ ಹಾಕಿದ್ದು ಕೆಲಸದವಳು. ಏಳು ತಿಂಗಳು!

ನಿನ್ನೆ ಅಮ್ಮ 18 ಮೆಟ್ಟಿಲು ಇಳಿದು ಅವರ ಮನೆಗೆ ಹೋದ್ರು. ನಾನು ಕೆಳಗಿನ ಮೆಟ್ಟಿಲಲ್ಲಿದ್ದೆ, ಫೋನ್ ಮನೇಲೇ ಬಿಟ್ಟು. ಒಂದೂವರೆ ಗಂಟೆ ಕೂತು ಕಾಫಿ ಕುಡಿದ್ರು, ಬಚ್ಚಲನ್ನೂ ಬಳಸಿದ್ರು. ಉಳಿದ 36 ಸದ್ಯಕ್ಕೆ ಬೇಡ ಅಂತ ಅವರೇ ಹೇಳಿದ್ದಾರೆ. ವಾಪಸ್ ಬಂದ ಮೇಲೆ ರಾತ್ರಿ ತನಕ ಆಂಟಿ ಮನೆಯ ಅಡುಗೆಮನೆ ಎಷ್ಟು ಅಸ್ತವ್ಯಸ್ತ ಅಂತ ವರದಿ ಕೊಟ್ರು.

ಮೇಷ್ಟ್ರು_83
ವರದಿ ಬಂತೆಂದರೆ ಆರೋಗ್ಯ ಸುಧಾರಿಸಿದೆ. ನಾನೂ ಮೂತ್ರರೋಗ ತಜ್ಞರಿಗೆ ತೋರಿಸಿದೆ. ಮಾತ್ರೆ ಕೊಟ್ಟಿದ್ದಾರೆ. ಪಾರ್ಕಿಗೆ ಹೋಗಿಲ್ಲ. ಗೇಟಿನ ತನಕ ಹೋದೆ.

ಶಕ್ತಿ_ಟಿಕೆಟ್
ಕಂಬಿ ಸ್ಟೀಲಿನದ್ದಾ, ಮರದ್ದಾ? ಅಡಿಗೆ ಎಷ್ಟು ತಗೊಂಡ್ರು?

ಮೂರನೇ_ಮಹಡಿ
ಸ್ಟೀಲು. ಬೆಲೆ ಇಲ್ಲಿ ಬೇಡ, ಮೆಸೇಜ್ ಮಾಡಿ ಹೇಳ್ತೀನಿ. ದಪ್ಪ ಪೈಪ್ ಹಾಕ್ಸಬೇಡಿ, ಅಮ್ಮನ ಕೈ ಅಳತೆ ನೋಡಿ ತಗೊಳ್ಳಿ. ಮೊದಲು ತಂದ ಪೈಪ್ ನಮ್ಮಮ್ಮನ ಮುಷ್ಟಿಗೆ ಸಿಗಲಿಲ್ಲ, ವಾಪಸ್ ಕಳ್ಸಬೇಕಾಯ್ತು.